ಗಡಿ ದಾಟಿದ ಅಂಕಪಟ್ಟಿ: ಪ್ರವೇಶ ಪರೀಕ್ಷೆಗೆ ಮುನ್ನ ನಮ್ಮ ಮನೆಗಳು ತಿಳಿದಿರಬೇಕಾದದ್ದು

ಹತ್ತನೆಯ ತರಗತಿಯ ಫಲಿತಾಂಶ ಬಂದ ವಾರ ಗಡಿಭಾಗದ ನಮ್ಮ ಮನೆಗಳಲ್ಲಿ ನಡೆಯುವ ಮಾತುಕತೆ ಹೆಚ್ಚುಕಡಿಮೆ ಒಂದೇ. ಮಂಜೇಶ್ವರದವರು ಮಂಗಳೂರಿನತ್ತ ನೋಡುತ್ತಾರೆ, ಜತ್ತದವರು ವಿಜಯಪುರದತ್ತ, ತಾಳವಾಡಿಯವರು ಚಾಮರಾಜನಗರದತ್ತ, ಆದೋನಿ ಮತ್ತು ರಾಯದುರ್ಗದವರು ಬಳ್ಳಾರಿಯತ್ತ. ಮಗುವನ್ನು ಪಿಯುಸಿಗೆ ಅತ್ತ ಸೇರಿಸೋಣವೇ, ಇಲ್ಲಿಯೇ ಪ್ಲಸ್ ಟು ಅಥವಾ ಇಂಟರ್‌ಮೀಡಿಯೆಟ್ ಓದಿಸೋಣವೇ ಎಂಬ ಪ್ರಶ್ನೆ. ಬಸ್ಸಿನ ಅನುಕೂಲ, ಹಾಸ್ಟೆಲಿನ ಖರ್ಚು, ಅಲ್ಲಿರುವ ಬಂಧುಗಳ ಮನೆ, ಇವೆಲ್ಲ ಚರ್ಚೆಗೆ ಬರುತ್ತವೆ. ಬಾರದೆ ಉಳಿಯುವುದು ಒಂದು ವಿಷಯ. ಮುಂದೆ ಇಂಜಿನಿಯರಿಂಗ್, ವೈದ್ಯಕೀಯ, ಕೃಷಿ ಮೊದಲಾದ ವೃತ್ತಿಶಿಕ್ಷಣಕ್ಕೆ ಅರ್ಜಿ ಹಾಕುವಾಗ ಈ ಎರಡು ವರ್ಷಗಳ ಅಂಕಪಟ್ಟಿ ಯಾವ ರಾಜ್ಯದ್ದು ಎಂಬುದರ ಮೇಲೆ ಮಗುವಿನ ಅರ್ಹತೆಯೇ ಬದಲಾಗುತ್ತದೆ. ಅಂಕ ಕಡಿಮೆಯಾಗಿ ಸೀಟು ತಪ್ಪಿದರೆ ಅದು ಬೇರೆ ಮಾತು. ಅರ್ಹತೆಯ ಕಂಡಿಕೆ ಓದದೆ ತಪ್ಪಿದ ಸೀಟಿನ ಕಥೆಗಳನ್ನು ನಾವು ಪ್ರತಿವರ್ಷವೂ ಕೇಳುತ್ತಿದ್ದೇವೆ. ಅದಕ್ಕಾಗಿ ಈ ಬರಹ.

ನಮಗೆ ಗಡಿಯೆಂಬುದು ಒಂದು ಚೆಕ್‌ಪೋಸ್ಟ್, ಅಷ್ಟೇ. ಆಚೆಯ ಊರಿನಲ್ಲಿ ಅತ್ತೆಯ ಮನೆಯಿದೆ, ಜಾತ್ರೆಯಿದೆ, ಸಂತೆಯಿದೆ. ಆದರೆ ಪ್ರವೇಶ ಪ್ರಾಧಿಕಾರದ ಮೇಜಿನ ಮೇಲೆ ನಮ್ಮ ಮಕ್ಕಳ ಪ್ರಮಾಣಪತ್ರ ಪರರಾಜ್ಯದ ಪ್ರಮಾಣಪತ್ರವೇ. ಇದಕ್ಕೆ ಕಾನೂನಿನ ಆಧಾರವೂ ಇದೆ. ಸಂವಿಧಾನದ 15ನೆಯ ವಿಧಿಯು ಹುಟ್ಟಿದ ಸ್ಥಳವನ್ನು ಮಾತ್ರ ಕಾರಣವಾಗಿಟ್ಟುಕೊಂಡು ಭೇದವೆಣಿಸುವುದನ್ನು ನಿಷೇಧಿಸುತ್ತದೆ. ವಾಸಸ್ಥಳದ ಮಾತನ್ನು ಅದು ಆಡುವುದಿಲ್ಲ. ಹುಟ್ಟಿದ ಸ್ಥಳ ಬೇರೆ, ವಾಸಸ್ಥಳ ಬೇರೆ ಎಂದು ಸರ್ವೋಚ್ಚ ನ್ಯಾಯಾಲಯವು 1955ರಲ್ಲಿಯೇ ಮಧ್ಯಭಾರತದ ವೈದ್ಯಕೀಯ ಕಾಲೇಜೊಂದರ ಶುಲ್ಕದ ಪ್ರಕರಣದಲ್ಲಿ ಹೇಳಿತು. 1984ರ ಪ್ರದೀಪ್ ಜೈನ್ ಪ್ರಕರಣದಲ್ಲಿ, ಪದವಿ ಹಂತದಲ್ಲಿ ರಾಜ್ಯಗಳು ತಮ್ಮವರಿಗೆ ಸೀಟುಗಳನ್ನು ಕಾಯ್ದಿಡಬಹುದು, ಆದರೆ ಎಲ್ಲವನ್ನೂ ಕಾಯ್ದಿಡುವಂತಿಲ್ಲ ಎಂದಿತು. ಸರಕಾರಿ ವೈದ್ಯಕೀಯ ಕಾಲೇಜುಗಳ ಶೇ. 15ರಷ್ಟು ಸೀಟುಗಳು ಇಂದು ಅಖಿಲ ಭಾರತ ಕೋಟಾದಲ್ಲಿರುವುದಕ್ಕೆ ಮೂಲ ಆ ತೀರ್ಪು. ಉಳಿದ ಸೀಟುಗಳಿಗೆ ಪ್ರತಿ ರಾಜ್ಯವೂ ‘ನಮ್ಮವರು ಯಾರು’ ಎಂಬುದನ್ನು ತನ್ನದೇ ಮಾತಿನಲ್ಲಿ ವಿವರಿಸಿಕೊಂಡಿದೆ. ಆ ವಿವರಣೆಗಳ ನಡುವಿನ ಬಿರುಕಿನಲ್ಲಿ ಬೀಳುವವರು ಗಡಿಭಾಗದ ಮಕ್ಕಳು.

ಮೊದಲು ಕರ್ನಾಟಕದ ವಿಷಯ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಸಾಮಾನ್ಯ ಪ್ರವೇಶ ಪರೀಕ್ಷೆಯ, ಅಂದರೆ ಸಿಇಟಿಯ, ಮಾಹಿತಿ ಪುಸ್ತಿಕೆಯಲ್ಲಿ ಅರ್ಹತಾ ಕಂಡಿಕೆಗಳ ಒಂದು ಸರಣಿಯೇ ಇರುತ್ತದೆ. ಬಹುಪಾಲು ಮಕ್ಕಳು ಬರುವುದು ಮೊದಲ ಕಂಡಿಕೆಯಡಿ: ಒಂದರಿಂದ ಹನ್ನೆರಡನೆಯ ತರಗತಿಯೊಳಗೆ ಕನಿಷ್ಠ 7 ವರ್ಷ ಕರ್ನಾಟಕದೊಳಗಿನ ಮಾನ್ಯ ಶಾಲೆಗಳಲ್ಲಿ ಓದಿರಬೇಕು, ಹತ್ತನೆಯದನ್ನೋ ಹನ್ನೆರಡನೆಯದನ್ನೋ ಕರ್ನಾಟಕದಲ್ಲಿ ತೇರ್ಗಡೆಯಾಗಿರಬೇಕು. ನಮ್ಮ ಮನೆಗಳಲ್ಲಿ ನೆಲೆಸಿರುವ ದೊಡ್ಡ ತಪ್ಪು ತಿಳಿವಳಿಕೆ ಇಲ್ಲಿಯೇ ಇದೆ. ‘ಪಿಯುಸಿ ಕರ್ನಾಟಕದಲ್ಲಿ ಮಾಡಿಸಿದರೆ ಸಿಇಟಿ ಸೀಟು ಸಿಗುತ್ತದೆ’ ಎಂದು ಹೇಳುವವರು ಪ್ರತಿ ಊರಿನಲ್ಲಿಯೂ ಇದ್ದಾರೆ. ಎರಡು ವರ್ಷ ಏಳು ವರ್ಷವಾಗುವುದಿಲ್ಲ. ಹತ್ತು ವರ್ಷ ಗಡಿಯಾಚೆಗೆ ಓದಿ ಎರಡು ವರ್ಷ ಮಾತ್ರ ಕರ್ನಾಟಕದಲ್ಲಿ ಓದಿದ ಮಗು ಈ ಕಂಡಿಕೆಯೊಳಗೆ ಬರುವುದಿಲ್ಲ.

ನಮ್ಮವರಿಗಾಗಿ ಇರುವ ಬಾಗಿಲು ಬೇರೆ: ಗಡಿನಾಡು ಕನ್ನಡಿಗ ಕಂಡಿಕೆ. ಅದರ ಜೊತೆಗೇ ಹೊರನಾಡು ಕನ್ನಡಿಗರ ಕಂಡಿಕೆಯೂ ಇದೆ. ಇವೆರಡನ್ನೂ ಒಂದೆಂದು ಭಾವಿಸಬಾರದು. ಹೊರನಾಡು ಎಂದರೆ ಮೂಲತಃ ಕರ್ನಾಟಕದವರಾಗಿ ಮುಂಬಯಿಯಲ್ಲೋ ದೆಹಲಿಯಲ್ಲೋ ಓದಿದವರು. ಗಡಿನಾಡು ಎಂದರೆ ತಲೆತಲಾಂತರದಿಂದ ಇಲ್ಲಿಯೇ ಇದ್ದು, 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಗೆರೆಯ ಆಚೆಗೆ ಉಳಿದವರು. ಗಡಿನಾಡು ಕಂಡಿಕೆಗೆ ಮೂರು ಆಧಾರಗಳು ಬೇಕು: ಮಾತೃಭಾಷೆ, ಪಟ್ಟಿಯಲ್ಲಿ ಹೆಸರಿಸಿದ ತಾಲೂಕಿನಲ್ಲಿ ವಾಸ ಹಾಗೂ ವ್ಯಾಸಂಗ, ಮತ್ತು ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆಯಲ್ಲಿ ತೇರ್ಗಡೆ. ಮೂರರಲ್ಲಿ ಒಂದು ಕೊರತೆಯಾದರೂ ಉಳಿದೆರಡು ನಿಷ್ಪ್ರಯೋಜಕ.

ತಾಲೂಕಿನ ಪಟ್ಟಿಯ ಬಗ್ಗೆ ಒಂದು ಮಾತು. ಅದರಲ್ಲಿ ಕಾಸರಗೋಡು ಕಡೆಯ, ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ, ಆದೋನಿ, ರಾಯದುರ್ಗ, ಮಡಕಶಿರ ಕಡೆಯ ಹೆಸರುಗಳಿವೆ. ಪಟ್ಟಿ ಇರುವುದು ತಾಲೂಕಿನ ಹೆಸರಿನಲ್ಲಿ, ಕನ್ನಡಿಗರ ಸಂಖ್ಯೆಯ ಲೆಕ್ಕದಲ್ಲಲ್ಲ. ಪಕ್ಕದ ತಾಲೂಕಿನಲ್ಲಿ ಕನ್ನಡ ಶಾಲೆಯಿದ್ದು ಮಗು ಹತ್ತು ವರ್ಷ ಕನ್ನಡದಲ್ಲಿಯೇ ಓದಿದ್ದರೂ, ತಾಲೂಕಿನ ಹೆಸರು ಪಟ್ಟಿಯಲ್ಲಿಲ್ಲದಿದ್ದರೆ ಈ ಬಾಗಿಲು ತೆರೆಯದು. ಜಿಲ್ಲೆ, ತಾಲೂಕುಗಳ ಗಡಿಯನ್ನು ಸರಕಾರಗಳು ಆಗಾಗ ಬದಲಿಸುತ್ತಲೂ ಇರುತ್ತವೆ. ಹೊಸ ತಾಲೂಕಿನ ಹೆಸರು ನಿಮ್ಮ ದಾಖಲೆಗಳಲ್ಲಿದ್ದರೆ, ಹಿಂದೆ ಆ ಊರು ಯಾವ ತಾಲೂಕಿನಲ್ಲಿತ್ತು ಎಂಬುದಕ್ಕೂ ತಹಶೀಲ್ದಾರರಿಂದ ಒಂದು ಸಾಲು ಬರೆಸಿಕೊಳ್ಳುವುದು ಒಳ್ಳೆಯದು. ಮಗುವನ್ನು ಹತ್ತರ ನಂತರ ಕರ್ನಾಟಕಕ್ಕೆ ಕಳುಹಿಸುವ ಯೋಚನೆಯಿರುವವರು ‘ವಾಸ ಹಾಗೂ ವ್ಯಾಸಂಗ’ ಎಂಬ ಮಾತನ್ನು ಎರಡು ಬಾರಿ ಓದಬೇಕು. ಗಡಿನಾಡಿನಲ್ಲಿ ಓದಿದವರಿಗಾಗಿ ಇರುವ ಕಂಡಿಕೆಯನ್ನು ಗಡಿನಾಡು ಬಿಟ್ಟುಹೋದ ಮೇಲೆ ಕೇಳಿದರೆ ತಕರಾರು ಬರುವುದು ಸಹಜ.

ಇನ್ನು ಭಾಷಾ ಪರೀಕ್ಷೆ. 50 ಅಂಕಗಳ ಪ್ರಶ್ನೆಪತ್ರಿಕೆ, ತೇರ್ಗಡೆಗೆ ಬೇಕಾದದ್ದು 12 ಅಂಕ, ಮಟ್ಟ ನಾಲ್ಕನೆಯ ತರಗತಿಯದು. ಹತ್ತು ವರ್ಷ ಸಮಾಜವಿಜ್ಞಾನವನ್ನೂ ಗಣಿತವನ್ನೂ ಕನ್ನಡದಲ್ಲಿ ಓದಿದ ಮಗುವಿಗೆ ಇದು ನಗು ತರಿಸುವಂತಹ ಪರೀಕ್ಷೆ. ಅಪಾಯವಿರುವುದೂ ಆ ನಗುವಿನಲ್ಲಿಯೇ. ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ, ಜೀವವಿಜ್ಞಾನದ ಪತ್ರಿಕೆಗಳ ದಿನಗಳಲ್ಲಲ್ಲದೆ, ಈ ಪರೀಕ್ಷೆ ಬೇರೊಂದು ದಿನ ನಡೆಯುತ್ತದೆ. ‘ನನಗೆ ಕನ್ನಡ ಬರುತ್ತದಲ್ಲ’ ಎಂದುಕೊಂಡು ಮನೆಗೆ ಮರಳಿದವರಿದ್ದಾರೆ. ಕನ್ನಡ ಮಾಧ್ಯಮದ ಅಂಕಪಟ್ಟಿ ಈ ಪರೀಕ್ಷೆಗೆ ಬದಲಿಯಲ್ಲ. ಹಿಂದೆ ಇದು ಬೆಂಗಳೂರಿನಲ್ಲಿ ಮಾತ್ರ ನಡೆಯುತ್ತಿತ್ತು. ಅಕ್ಕಲಕೋಟೆಯಿಂದಲೋ ಉಪ್ಪಳದಿಂದಲೋ ಒಂದು ಗಂಟೆಯ ಪರೀಕ್ಷೆಗಾಗಿ ರಾತ್ರಿಯಿಡೀ ಪ್ರಯಾಣ ಮಾಡಬೇಕಾಗಿತ್ತು. ಈಚಿನ ವರ್ಷಗಳಲ್ಲಿ ಮಂಗಳೂರು, ಬೆಳಗಾವಿ, ವಿಜಯಪುರ, ಬಳ್ಳಾರಿ, ಬೀದರ್‌ಗಳಲ್ಲಿಯೂ ಕೇಂದ್ರಗಳನ್ನು ತೆರೆಯಲಾಗಿದೆ. ಗಡಿಭಾಗದ ಮಕ್ಕಳ ದೃಷ್ಟಿಯಿಂದ ಪ್ರಾಧಿಕಾರ ಮಾಡಿದ ಸಣ್ಣದಾದರೂ ನಿಜವಾದ ಉಪಕಾರವಿದು.

ಮಾತೃಭಾಷೆಯ ವಿಷಯ ಇನ್ನೂ ಸೂಕ್ಷ್ಮ. ಕಂಡಿಕೆ ಕೇಳುವುದು ಮಾತೃಭಾಷೆಯನ್ನು, ಕಲಿಕೆಯ ಮಾಧ್ಯಮವನ್ನಲ್ಲ. ಕನ್ನಡದ ಜೊತೆಗೆ ತುಳು, ಕೊಡವ ಭಾಷೆಗಳನ್ನೂ ಅದು ಹೆಸರಿಸುತ್ತದೆ. ಆದರೆ ಕಾಸರಗೋಡಿನ ನಮ್ಮ ಕನ್ನಡ ಶಾಲೆಗಳಲ್ಲಿ ಕೊಂಕಣಿ ಮನೆಯ ಮಕ್ಕಳಿದ್ದಾರೆ, ಮರಾಟಿ ಮನೆಯ ಮಕ್ಕಳಿದ್ದಾರೆ, ಮಲಯಾಳ ಮಾತನಾಡುವ ಮನೆಗಳ ಮಕ್ಕಳೂ ಇದ್ದಾರೆ. ಅವರ ಕನ್ನಡ ಯಾರ ಕನ್ನಡಕ್ಕೂ ಕಡಿಮೆಯಲ್ಲ. ಶಾಲೆಗಳನ್ನು ಉಳಿಸಿದವರಲ್ಲಿ ಅವರೂ ಸೇರಿದ್ದಾರೆ. ಹತ್ತು ವರ್ಷ ಕನ್ನಡದಲ್ಲಿ ಓದಿದುದನ್ನೇ ಆಧಾರವಾಗಿ ಒಪ್ಪಿಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ. ಗಡಿಯಾಚೆಗೆ ಕನ್ನಡ ಮಾಧ್ಯಮವನ್ನು ಆರಿಸಿಕೊಂಡವರ ನಿಷ್ಠೆಗೆ ಅದಕ್ಕಿಂತ ಮಿಗಿಲಾದ ಸಾಕ್ಷಿ ಯಾವುದಿದೆ? ಇಂದಿನ ನಿಯಮ ಮಾತ್ರ ಹಾಗಿಲ್ಲ.

ಕರ್ನಾಟಕ ಒಂದೇ ಹೀಗೆ ಮಾಡಿದೆಯೆಂದು ತಿಳಿಯಬೇಕಾಗಿಲ್ಲ. ಮಹಾರಾಷ್ಟ್ರದ ಪ್ರವೇಶ ನಿಯಮಗಳಲ್ಲಿಯೂ ಇದರ ಪ್ರತಿಬಿಂಬವಿದೆ: ವಿವಾದಿತ ಗಡಿಪ್ರದೇಶದಲ್ಲಿ ಓದಿದ, ಮರಾಠಿ ಮಾತೃಭಾಷೆಯ ಮಕ್ಕಳಿಗೆ ಅಲ್ಲಿ ಪ್ರತ್ಯೇಕ ವರ್ಗವನ್ನಿಟ್ಟಿದ್ದಾರೆ. ಬೆಳಗಾವಿಯ ಮರಾಠಿ ಮನೆ ಮತ್ತು ಜತ್ತದ ಕನ್ನಡ ಮನೆ, ಎರಡೂ ಒಂದೇ ಬಗೆಯ ಕಾಗದಗಳನ್ನು ಹಿಡಿದು ಎದುರುಬದುರು ದಿಕ್ಕಿಗೆ ನಡೆಯುತ್ತಿವೆ.

ಅಂಕಗಳನ್ನು ಹೇಗೆ ಲೆಕ್ಕ ಹಾಕುತ್ತಾರೆ ಎಂಬುದನ್ನೂ ತಿಳಿದಿರಬೇಕು. ಕರ್ನಾಟಕದಲ್ಲಿ ಇಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿಯ ಅರ್ಧ, ಹನ್ನೆರಡನೆಯ ತರಗತಿಯ ಭೌತ, ರಸಾಯನ, ಗಣಿತದ ಅರ್ಧ. ಕರ್ನಾಟಕ ಮಂಡಳಿಯ ಮಕ್ಕಳ ಅಂಕಗಳು ಪ್ರಾಧಿಕಾರಕ್ಕೆ ನೇರವಾಗಿ ತಲುಪುತ್ತವೆ. ಬೇರೆ ಮಂಡಳಿಯ ಮಕ್ಕಳು ತಮ್ಮ ಅಂಕಗಳನ್ನು ತಾವೇ ಪ್ರಾಧಿಕಾರದ ಜಾಲತಾಣದಲ್ಲಿ, ನಿಗದಿತ ದಿನದೊಳಗೆ ದಾಖಲಿಸಬೇಕು. ದಾಖಲಿಸದವರಿಗೆ ರ‍್ಯಾಂಕ್ ಬರುವುದಿಲ್ಲ. ಸಿಇಟಿಯಲ್ಲಿ ಚೆನ್ನಾಗಿ ಬರೆದು, ಪಟ್ಟಿಯಲ್ಲಿ ಹೆಸರೇ ಕಾಣದೆ ಗಾಬರಿಯಾಗುವವರಲ್ಲಿ ಹೆಚ್ಚಿನವರು ಈ ಹೆಜ್ಜೆಯನ್ನು ಮರೆತವರು. ಕೇರಳದಲ್ಲಿಯೂ ಪ್ರವೇಶ ಪರೀಕ್ಷೆಗೆ ಅರ್ಧ, ಹನ್ನೆರಡರ ಅಂಕಗಳಿಗೆ ಅರ್ಧ. ಆದರೆ ಅಲ್ಲಿ ಬೇರೆ ಬೇರೆ ಮಂಡಳಿಗಳ ಅಂಕಗಳನ್ನು ಒಂದು ಸೂತ್ರದ ಮೂಲಕ ಸಮೀಕರಿಸುತ್ತಾರೆ. 2025ರಲ್ಲಿ ಆ ಸೂತ್ರವನ್ನು ಕೊನೆಯ ಗಳಿಗೆಯಲ್ಲಿ ಬದಲಿಸಿದ್ದು ಸರಿಯಲ್ಲವೆಂದು ಹೈಕೋರ್ಟ್ ಹೇಳಿದ ಮೇಲೆ ಪ್ರಕಟವಾದ ರ‍್ಯಾಂಕ್ ಪಟ್ಟಿಯನ್ನೇ ಹಿಂದೆಗೆದು ಹೊಸದನ್ನು ಹೊರಡಿಸಬೇಕಾಯಿತು. ಸೂತ್ರದ ಒಂದು ಅಕ್ಷರ ಸಾವಿರಾರು ಮಕ್ಕಳ ಸ್ಥಾನವನ್ನು ಮೇಲೆಕೆಳಗೆ ಮಾಡಬಲ್ಲದು.

ಹಾಗಾದರೆ ಮಗುವನ್ನು ಗಡಿ ದಾಟಿಸಿದರೆ ಕಳೆದುಕೊಳ್ಳುವುದೇನು? ಇದಕ್ಕೆ ಎಲ್ಲ ಜಿಲ್ಲೆಗಳಿಗೂ ಒಂದೇ ಉತ್ತರವಿಲ್ಲ. ಕಾಸರಗೋಡಿನವರಿಗೆ ನಷ್ಟ ಕಡಿಮೆ. ಕೇರಳವು ಮುಖ್ಯವಾಗಿ ಜನನ ಮತ್ತು ಮೂಲವನ್ನು ನೋಡುತ್ತದೆ. ಕೇರಳದಲ್ಲಿ ಹುಟ್ಟಿದ ಮಗು ಮಂಗಳೂರಿನಲ್ಲಿ ಪಿಯುಸಿ ಓದಿದರೂ ಕೇರಳೀಯನೆಂಬ ಅರ್ಹತೆ ಉಳಿಯುತ್ತದೆ.

ಸೊಲ್ಲಾಪುರ, ಜತ್ತದವರ ಸ್ಥಿತಿ ಹಾಗಲ್ಲ. ಮಹಾರಾಷ್ಟ್ರದಲ್ಲಿ ವೈದ್ಯಕೀಯ ಶಿಕ್ಷಣದ ರಾಜ್ಯ ಕೋಟಾಕ್ಕೆ ಹತ್ತು ಮತ್ತು ಹನ್ನೆರಡು ಎರಡನ್ನೂ ಮಹಾರಾಷ್ಟ್ರದ ಸಂಸ್ಥೆಗಳಲ್ಲಿಯೇ ತೇರ್ಗಡೆಯಾಗಿರಬೇಕೆಂಬುದು ಸಾಮಾನ್ಯ ನಿಯಮ. ವಿಜಯಪುರದಲ್ಲಿ ಪಿಯುಸಿ ಮುಗಿಸಿದ ಜತ್ತದ ಮಗು ಆ ಕೋಟಾದಿಂದ ಹೊರಗುಳಿಯುತ್ತದೆ, ಕರ್ನಾಟಕದ ಏಳು ವರ್ಷದ ಕಂಡಿಕೆಯೊಳಗೂ ಬರುವುದಿಲ್ಲ. ಎರಡು ರಾಜ್ಯಗಳ ನಡುವೆ ಎಲ್ಲಿಯೂ ಸಲ್ಲದಂತಾಗುವುದೆಂದರೆ ಇದೇ.

ಆಂಧ್ರದವರಿಗೆ ಲೆಕ್ಕ ಇನ್ನೊಂದು ಬಗೆ. ಸಂವಿಧಾನದ 371ಡಿ ವಿಧಿಯಡಿ 1974ರಲ್ಲಿ ಹೊರಟ ರಾಷ್ಟ್ರಪತಿಗಳ ಆದೇಶದ ಪ್ರಕಾರ ಶೇ. 85ರಷ್ಟು ಸೀಟುಗಳು ಸ್ಥಳೀಯ ಅಭ್ಯರ್ಥಿಗಳಿಗೆ. ಅರ್ಹತಾ ಪರೀಕ್ಷೆ ಬರೆದ ವರ್ಷದಲ್ಲಿ ಕೊನೆಗೊಳ್ಳುವಂತೆ ಸತತ 4 ವರ್ಷ ಆ ಪ್ರದೇಶದಲ್ಲಿ ಓದಿದವರು ಸ್ಥಳೀಯರು, ಅಂದರೆ ಒಂಬತ್ತರಿಂದ ಇಂಟರ್‌ಮೀಡಿಯೆಟ್‌ವರೆಗೆ. ಕರ್ನೂಲು, ಅನಂತಪುರದ ಮೂಲ ಜಿಲ್ಲೆಗಳು ಶ್ರೀ ವೆಂಕಟೇಶ್ವರ ವಿಶ್ವವಿದ್ಯಾಲಯದ ಪ್ರದೇಶಕ್ಕೆ ಸೇರುತ್ತವೆ. ಆದೋನಿಯ ಮಗು ಬಳ್ಳಾರಿಯಲ್ಲಿ ಎರಡು ವರ್ಷ ಓದಿದರೆ ಆ ನಾಲ್ಕು ವರ್ಷಗಳ ಸರಪಳಿ ನಡುವೆ ಕಡಿಯುತ್ತದೆ.

ತಾಳವಾಡಿ ಮತ್ತು ಹೊಸೂರಿನ ಮನೆಗಳಿಗೆ ನಾವು ಹೇಳಲೇಬೇಕಾದ ಮಾತೊಂದಿದೆ. ತಮಿಳುನಾಡು ಇಂಜಿನಿಯರಿಂಗ್‌ನ ಪ್ರವೇಶ ಪರೀಕ್ಷೆಯನ್ನೇ ಕೈಬಿಟ್ಟಿದೆ. 2006ರಲ್ಲಿ ರೂಪಿಸಿದ ಕಾನೂನಿನ ನಂತರ ಹನ್ನೆರಡನೆಯ ತರಗತಿಯ ಅಂಕಗಳೇ ಅಲ್ಲಿ ಆಧಾರ. ಅದರ ಮೇಲೆ, ಆರರಿಂದ ಹನ್ನೆರಡರವರೆಗೆ ರಾಜ್ಯದ ಸರಕಾರಿ ಶಾಲೆಗಳಲ್ಲಿ ಓದಿದವರಿಗೆ ಶೇ. 7.5ರ ಒಳಮೀಸಲಾತಿಯಿದೆ. ಅದು 2020ರಲ್ಲಿ ವೈದ್ಯಕೀಯಕ್ಕೆ, 2021ರಲ್ಲಿ ಇಂಜಿನಿಯರಿಂಗ್ ಮೊದಲಾದವುಗಳಿಗೆ ಬಂದಿತು. ಸರಕಾರಿ ಕನ್ನಡ ಶಾಲೆಯೂ ಸರಕಾರಿ ಶಾಲೆಯೇ. ಏಳು ವರ್ಷಗಳಲ್ಲಿ ಐದನ್ನು ಪೂರೈಸಿದ ಮಗುವನ್ನು ಕೊನೆಯ ಎರಡು ವರ್ಷಕ್ಕೆ ಗಡಿಯಾಚೆಗೆ ಕಳುಹಿಸಿದರೆ, ಕೈಯಲ್ಲಿದ್ದುದು ಹೋಗುತ್ತದೆ. ಭಾಷೆಯ ಕಾರಣಕ್ಕಾಗಿ ಕಳುಹಿಸುವವರನ್ನು ನಾವು ತಡೆಯುವುದಿಲ್ಲ. ವಿಜ್ಞಾನ ವಿಭಾಗದಲ್ಲಿ ಓದು ಹೇಗೂ ಇಂಗ್ಲಿಷಿಗೆ ತಿರುಗುವುದರಿಂದ, ಆ ಕಾರಣ ಎಷ್ಟು ಗಟ್ಟಿಯೆಂದು ಮಾತ್ರ ಒಮ್ಮೆ ತೂಗಿ ನೋಡಲಿ.

ವೈದ್ಯಕೀಯಕ್ಕೆ ದೇಶವಿಡೀ ಒಂದೇ ಪರೀಕ್ಷೆ, ನೀಟ್. ಇದನ್ನು ಕನ್ನಡದಲ್ಲಿ ಬರೆಯುವ ಅವಕಾಶ 2017ರಿಂದ ಇದೆ. ಮಲಯಾಳಕ್ಕೆ ಆ ಅವಕಾಶ ಬಂದದ್ದು 2021ರಲ್ಲಿ. ಆದರೆ ಕನ್ನಡ ಪ್ರಶ್ನೆಪುಸ್ತಿಕೆ ದೊರೆಯುವುದು ಕರ್ನಾಟಕದಲ್ಲಿರುವ ಕೇಂದ್ರಗಳಲ್ಲಿ ಮಾತ್ರ. ಕಾಸರಗೋಡಿನ ಕೇಂದ್ರದಲ್ಲಿ ಮಲಯಾಳ, ಸೊಲ್ಲಾಪುರದ ಕೇಂದ್ರದಲ್ಲಿ ಮರಾಠಿ ಸಿಗುತ್ತದೆ, ಕನ್ನಡ ಸಿಗುವುದಿಲ್ಲ. ಕನ್ನಡ ಮಾಧ್ಯಮದಿಂದ ಬಂದ ಮಗು ಕನ್ನಡದಲ್ಲಿಯೇ ಬರೆಯಬಯಸಿದರೆ ಅರ್ಜಿಯಲ್ಲಿ ಮಂಗಳೂರು, ವಿಜಯಪುರ, ಬಳ್ಳಾರಿಯಂತಹ ಕರ್ನಾಟಕದ ನಗರವನ್ನು ಕೇಂದ್ರವಾಗಿ ಆರಿಸಬೇಕು. ಭಾಷೆ ಮತ್ತು ಕೇಂದ್ರ ಎರಡನ್ನೂ ಅರ್ಜಿ ಹಾಕುವಾಗಲೇ ನಿರ್ಧರಿಸಬೇಕು. ಪುಸ್ತಿಕೆಯಲ್ಲಿ ಕನ್ನಡದ ಜೊತೆಗೆ ಇಂಗ್ಲಿಷ್ ಪ್ರಶ್ನೆಗಳೂ ಇರುತ್ತವೆ, ಅನುವಾದದಲ್ಲಿ ಗೊಂದಲವಿದ್ದರೆ ಇಂಗ್ಲಿಷ್ ಪಾಠವೇ ಅಂತಿಮ. ಆದ್ದರಿಂದ ಕನ್ನಡ ಆರಿಸಿಕೊಂಡವರೂ ‘ಸಂವೇಗ’, ‘ಜಡತ್ವ’ದಂತಹ ಪದಗಳ ಇಂಗ್ಲಿಷ್ ರೂಪಗಳನ್ನು ಕಲಿತಿರಬೇಕು. ಗಡಿಭಾಗದ ಕೆಲವಾದರೂ ಕೇಂದ್ರಗಳಲ್ಲಿ ಕನ್ನಡ ಪುಸ್ತಿಕೆ ಕೊಡುವುದು ರಾಷ್ಟ್ರೀಯ ಪರೀಕ್ಷಾ ಸಂಸ್ಥೆಗೆ ದೊಡ್ಡ ಕೆಲಸವಲ್ಲ. ಉರ್ದು ಪುಸ್ತಿಕೆ ಎಲ್ಲ ರಾಜ್ಯಗಳಲ್ಲಿಯೂ ದೊರೆಯುತ್ತಿದೆ.

ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿಗೆ 2022ರಿಂದ ಸಾಮಾನ್ಯ ಪ್ರವೇಶ ಪರೀಕ್ಷೆ, ಸಿಯುಇಟಿ, ಬಂದಿದೆ. ಅದನ್ನು ಕನ್ನಡವೂ ಸೇರಿದಂತೆ 13 ಭಾಷೆಗಳಲ್ಲಿ ನಡೆಸಲಾಗುತ್ತದೆ. ಪರಿಗಣಿಸುವುದು ಪರೀಕ್ಷೆಯ ಅಂಕವನ್ನು. ಹನ್ನೆರಡರಲ್ಲಿ ತೇರ್ಗಡೆಯಾಗಿರಬೇಕು, ಮಂಡಳಿ ಯಾವುದಾದರೂ ಅಡ್ಡಿಯಿಲ್ಲ. ಯಾವ ರಾಜ್ಯದವರೆಂಬ ಪ್ರಶ್ನೆಯೂ ಇಲ್ಲಿ ಏಳುವುದಿಲ್ಲ. ಕಾಸರಗೋಡಿನ ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯವೂ ಕಲಬುರಗಿಯ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವೂ ನಮ್ಮ ಮನೆಬಾಗಿಲಲ್ಲಿಯೇ ಇರುವುದನ್ನು ನಾವೇ ಮರೆಯುತ್ತೇವೆ.

ಕಾಸರಗೋಡಿನ ಎಷ್ಟೋ ಮನೆಗಳಲ್ಲಿ ತಂದೆ ಕೊಲ್ಲಿ ರಾಷ್ಟ್ರದಲ್ಲಿದ್ದು, ಮಕ್ಕಳು ಕೆಲವು ವರ್ಷ ಅಲ್ಲಿ ಓದಿ ಹಿಂದಿರುಗುತ್ತಾರೆ. ದುಬೈಯಲ್ಲಿಯೋ ಕುವೈತಿನಲ್ಲಿಯೋ ಸಿಬಿಎಸ್ಇ ಶಾಲೆಯಲ್ಲಿ ಓದಿದ್ದರೆ ಅದು ಭಾರತದ ಮಂಡಳಿಯೇ, ಸಮಾನತೆಯ ಪ್ರಶ್ನೆಯಿಲ್ಲ. ಬ್ರಿಟಿಷ್ ಪಠ್ಯಕ್ರಮದಂತಹ ವಿದೇಶೀ ಮಂಡಳಿಯಲ್ಲಿ ಓದಿದವರು ದೆಹಲಿಯ ಭಾರತೀಯ ವಿಶ್ವವಿದ್ಯಾಲಯಗಳ ಸಂಘದಿಂದ ಸಮಾನತಾ ಪ್ರಮಾಣಪತ್ರ ಪಡೆಯಬೇಕು. ಐಜಿಸಿಎಸ್ಇ ಮಟ್ಟದ ಪ್ರಮಾಣಪತ್ರ ಹತ್ತನೆಯ ತರಗತಿಗೆ ಸಮ. ಅದನ್ನು ಹಿಡಿದುಕೊಂಡು ನೇರವಾಗಿ ಪದವಿಗೆ ಬರಲಾಗದು. ಮೇಲಿನ ಎ ಲೆವೆಲ್ ಮಾಡಿದವರು ಮುಂದೆ ಬಯಸುವ ಕೋರ್ಸಿಗೆ ಬೇಕಾದ ವಿಷಯಗಳನ್ನೇ ಅಲ್ಲಿ ಆರಿಸಿಕೊಂಡಿರಬೇಕು. ವೈದ್ಯಕೀಯ ಬಯಸುವವರು ಜೀವವಿಜ್ಞಾನ ಬಿಟ್ಟಿದ್ದರೆ ಸಮಾನತಾ ಪತ್ರವಿದ್ದೂ ಪ್ರಯೋಜನವಿಲ್ಲ. ನೀಟ್ ಬರೆಯಲು ಊರಿಗೆ ಬರಲೇಬೇಕೆಂದಿಲ್ಲ. 2021ರಿಂದ ವಿದೇಶಗಳಲ್ಲಿಯೂ ಕೇಂದ್ರಗಳಿವೆ.

ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮನೆಗಳು ಇನ್ನೊಂದನ್ನು ಗಮನಿಸಬೇಕು. ಈ ಸ್ಥಾನಮಾನ ರಾಜ್ಯದ ಪಟ್ಟಿಗೆ ಕಟ್ಟಿಹಾಕಿದ್ದು ಎಂದು ಸರ್ವೋಚ್ಚ ನ್ಯಾಯಾಲಯ 1990ರಲ್ಲಿ ತೀರ್ಪಿತ್ತಿದೆ. ಒಂದೇ ಹೆಸರಿನ ಸಮುದಾಯ ಎರಡು ರಾಜ್ಯಗಳ ಪಟ್ಟಿಗಳಲ್ಲಿಯೂ ಇದ್ದರೂ, ಕೇರಳದ ತಹಶೀಲ್ದಾರರು ಕೊಟ್ಟ ಜಾತಿ ಪ್ರಮಾಣಪತ್ರದ ಬಲದ ಮೇಲೆ ಕರ್ನಾಟಕದ ಮೀಸಲು ಸೀಟನ್ನು ಕೇಳಲಾಗದು. ತವರು ರಾಜ್ಯದಲ್ಲಿ ಮೀಸಲಾತಿ ಬಲವಾಗಿರುವ ಮಗುವಿಗೆ ಗಡಿ ದಾಟುವುದು ಹಲವು ಸಲ ದುಬಾರಿ.

ಕಾಗದಪತ್ರಗಳ ಕೆಲಸ ಹತ್ತನೆಯ ತರಗತಿಯಲ್ಲಿದ್ದಾಗಲೇ ಆರಂಭವಾಗಬೇಕು. ಒಂದರಿಂದ ಹತ್ತರವರೆಗೆ ಯಾವ ವರ್ಷ ಯಾವ ಶಾಲೆ, ಯಾವ ಮಾಧ್ಯಮ ಎಂಬ ವ್ಯಾಸಂಗ ಪ್ರಮಾಣಪತ್ರವನ್ನು ಪ್ರತಿ ಶಾಲೆಯಿಂದಲೂ ಪಡೆದಿರಬೇಕು. ನಮ್ಮ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಕೆಲವು ಮುಚ್ಚಿವೆ, ಕೆಲವು ವಿಲೀನವಾಗಿವೆ. ಅವುಗಳ ದಾಖಲೆಗಳನ್ನು ಹುಡುಕಲು ತಿಂಗಳುಗಳೇ ಹಿಡಿಯಬಹುದು. ಮಲಯಾಳ, ಮರಾಠಿ, ತೆಲುಗು, ತಮಿಳಿನಲ್ಲಿರುವ ಪ್ರಮಾಣಪತ್ರಗಳಿಗೆ ಇಂಗ್ಲಿಷ್ ಪ್ರತಿಯನ್ನೂ ಕಚೇರಿಯಿಂದಲೇ ಕೇಳಿ ಪಡೆಯುವುದು ಲೇಸು. ಮಾಹಿತಿ ಪುಸ್ತಿಕೆ ಪ್ರತಿವರ್ಷ ಹೊಸದಾಗಿ ಬರುತ್ತದೆ. ಹೋದ ವರ್ಷ ಅಣ್ಣನಿಗೆ ನಡೆದ ಕಾಗದ ಈ ವರ್ಷ ತಂಗಿಗೆ ನಡೆಯಲೇಬೇಕೆಂದಿಲ್ಲ.

ಎಲ್ಲಕ್ಕಿಂತ ಮೊದಲು ಶಾಲೆಯ ದಾಖಲಾತಿ ಪುಸ್ತಕದಲ್ಲಿ ‘ಮಾತೃಭಾಷೆ’ ಎಂಬ ಅಂಕಣದಲ್ಲಿ ಏನಿದೆಯೆಂದು ಹೋಗಿ ನೋಡಿರಿ. ಒಂದನೆಯ ತರಗತಿಗೆ ಸೇರಿಸಿದ ದಿನ ಗುಮಾಸ್ತರು ಅವಸರದಲ್ಲಿ ರಾಜ್ಯಭಾಷೆಯ ಹೆಸರನ್ನೇ ಬರೆದಿರುವುದುಂಟು. ಕನ್ನಡ ಮನೆಯ ಹುಡುಗಿಯೊಬ್ಬಳ ವರ್ಗಾವಣೆ ಪತ್ರದಲ್ಲಿ ಹಾಗೆಯೇ ನಡೆದದ್ದನ್ನು ನಾವು ಕಂಡಿದ್ದೇವೆ. ಅದು ಮನೆಯವರ ಗಮನಕ್ಕೆ ಬಂದದ್ದು ದಾಖಲೆ ಪರಿಶೀಲನೆಯ ಸಾಲಿನಲ್ಲಿ ನಿಂತಾಗ. ಮಗು ಶಾಲೆಯಲ್ಲಿರುವಾಗ ಮುಖ್ಯೋಪಾಧ್ಯಾಯರಿಗೆ ಅರ್ಜಿ ಕೊಟ್ಟು ತಿದ್ದುಪಡಿಯನ್ನು ಆರಂಭಿಸುವುದು ಸುಲಭ. ಹತ್ತನೆಯ ತರಗತಿಯ ಪ್ರಮಾಣಪತ್ರ ಹೊರಬಿದ್ದ ಮೇಲೆ ಅದು ಅವರ ಕೈಮೀರಿ ಮೇಲಿನ ಕಚೇರಿಗಳಿಗೆ ಹೋಗುತ್ತದೆ, ಆ ಕಚೇರಿಗಳ ಕ್ಯಾಲೆಂಡರಿಗೂ ಪ್ರವೇಶ ಪರೀಕ್ಷೆಯ ಕ್ಯಾಲೆಂಡರಿಗೂ ಹೊಂದಿಕೆಯಾಗುವುದಿಲ್ಲ.